ಲೌಟರ್‌ಬ್ರುನ್ನೆನ್‌ನಲ್ಲಿ ಐದು ದಿನ: ಅಮ್ಮನ ಮಂಡಿಗೆ ಯಾವ ದಾರಿ, ನಿಮ್ಮ ಕಾಲಿಗೆ ಯಾವ ದಾರಿ

ಪ್ರಶ್ನೆ: ಜೂನ್ ಕೊನೆಯ ವಾರ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೇವೆ. ಲೌಟರ್‌ಬ್ರುನ್ನೆನ್‌ನಲ್ಲಿ ಐದು ದಿನಕ್ಕೆ ಮನೆ ಬುಕ್ ಆಗಿದೆ. ನಾನು, ಹೆಂಡತಿ, 9 ವರ್ಷದ ಮಗಳು ಮತ್ತು 66 ವರ್ಷದ ಅಮ್ಮ. ನಾವಿಬ್ಬರು ಕುಮಾರ ಪರ್ವತ, ಕುದುರೆಮುಖ ಹತ್ತಿದವರು. ಅಮ್ಮ ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಆದರೆ ಮಂಡಿ ನೋವಿದೆ, ಬಿಪಿ ಮಾತ್ರೆ ಇದೆ. ಅಲ್ಲಿ ಯಾವ ಯಾವ ಟ್ರೆಕ್ ಮಾಡಬಹುದು? ಗೈಡ್ ಬೇಕಾ? ಯುಂಗ್‌ಫ್ರೌಯೋಖ್‌ಗೆ ಹೋಗಲೇಬೇಕಾ? ಅಮ್ಮನದೂ ಒಂದು ಪ್ರಶ್ನೆ ಇದೆ: ಸಿನಿಮಾದಲ್ಲಿ ತೋರಿಸುವ ಹಾಗೆ ಹಸಿರು ಹುಲ್ಲಿನ ಮೇಲೆ ಕೂತು ಹಿಮದ ಬೆಟ್ಟ ನೋಡೋಕೆ ಆಗುತ್ತಾ?

ಉತ್ತರ: ಮೊದಲು ಒಳ್ಳೆ ಸುದ್ದಿ. ಐದು ದಿನವೂ ಒಂದೇ ಊರಲ್ಲಿ ಇರುತ್ತೀರಿ ಅಂದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ನಮ್ಮವರು ಹೆಚ್ಚಾಗಿ ಏಳು ದಿನದಲ್ಲಿ ಆರು ಊರು ಸುತ್ತಿ, ಪ್ರತಿ ಬೆಟ್ಟದ ತುದಿಯಲ್ಲೂ ಒಂದು ಫೋಟೋ ಹೊಡೆದುಕೊಂಡು ಮನೆಗೆ ಹೋಗುತ್ತಾರೆ. ಆಲ್ಪ್ಸ್‌ನಲ್ಲಿ ತುದಿಗಿಂತ ನಡುವೆ ಇರುವ ಜಾಗವೇ ಚೆಂದ. ಈ ಕಣಿವೆಯಲ್ಲಂತೂ ಖಂಡಿತ.

ಲೌಟರ್‌ಬ್ರುನ್ನೆನ್ ಅನ್ನು ಮೂರು ಅಂತಸ್ತಿನ ಮನೆ ಅಂದುಕೊಳ್ಳಿ. ಕೆಳಗಿನ ಅಂತಸ್ತು ನೀವು ಉಳಿಯುವ ಊರು, ಸುಮಾರು 800 ಮೀಟರ್ ಎತ್ತರ. ಬೆಂಗಳೂರಿಗಿಂತ ಸ್ವಲ್ಪ ಕೆಳಗೇ ಅನ್ನಿ. ಎರಡೂ ಕಡೆ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗೋಡೆ. ಆ ಗೋಡೆಯ ತಲೆಯ ಮೇಲೆ ಅಟ್ಟದ ಹಾಗೆ ಎರಡು ಹಸಿರು ಜಗಲಿ. ಪೂರ್ವದ ಜಗಲಿಯಲ್ಲಿ ವೆಂಗನ್, 1274 ಮೀಟರ್. ಪಶ್ಚಿಮದ ಜಗಲಿಯಲ್ಲಿ ಮ್ಯೂರೆನ್, ಸುಮಾರು 1640 ಮೀಟರ್. ಎರಡು ಊರಿಗೂ ಕಾರು ಹೋಗುವುದಿಲ್ಲ, ರೈಲು ಇಲ್ಲವೇ ಕೇಬಲ್ ಕಾರ್. ಮೂರನೇ ಅಂತಸ್ತು ಐಗರ್, ಮೋಂಖ್, ಯುಂಗ್‌ಫ್ರೌ ಅನ್ನುವ ಮೂರು ಹಿಮದ ಬೆಟ್ಟಗಳು: 3967, 4110, 4158 ಮೀಟರ್.

ಇಂಥ ಆಕಾರ ಯಾಕೆ ಬಂತು ಅಂತ ಗೊತ್ತಿದ್ದರೆ ನಡೆಯುವಾಗ ಕಣ್ಣಿಗೆ ಕೆಲಸ ಸಿಗುತ್ತದೆ. ನಮ್ಮ ಮಲೆನಾಡಿನ ಕಣಿವೆಗಳನ್ನು ಹೊಳೆ ಕೊರೆದದ್ದು, ಅದಕ್ಕೇ ಅವು ತಳದಲ್ಲಿ ಇಕ್ಕಟ್ಟು. ಇದನ್ನು ಕೊರೆದದ್ದು ಹಿಮನದಿ. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಸಾವಿರಾರು ವರ್ಷ ನಿಧಾನಕ್ಕೆ ತೆವಳುತ್ತಾ ತಳವನ್ನೂ ಪಕ್ಕವನ್ನೂ ಒಟ್ಟಿಗೇ ಉಜ್ಜಿತು. ಹಾಗಾಗಿ ತಳ ಅಗಲ, ಗೋಡೆ ನೆಟ್ಟಗೆ. ಪಕ್ಕದಿಂದ ಬಂದು ಸೇರುತ್ತಿದ್ದ ಚಿಕ್ಕ ಹಿಮನದಿಗಳಿಗೆ ಅಷ್ಟು ಆಳಕ್ಕೆ ಕೊರೆಯುವ ತೂಕ ಇರಲಿಲ್ಲ. ಅವುಗಳ ಕಣಿವೆ ಮೇಲೇ ನೇತಾಡಿಕೊಂಡು ಉಳಿಯಿತು. ಈಗ ಅಲ್ಲಿ ಹರಿಯುವ ಹಳ್ಳಕ್ಕೆ ಕೆಳಗೆ ಬರಲು ಹಾರುವುದು ಬಿಟ್ಟು ಬೇರೆ ದಾರಿ ಇಲ್ಲ. ಈ ಕಣಿವೆಯಲ್ಲಿ 72 ಜಲಪಾತ ಅಂತ ಎಲ್ಲ ಕೈಪಿಡಿಗಳೂ ಹೇಳುವುದು ಈ ಕಾರಣಕ್ಕೆ.

ಅದರಲ್ಲಿ ಊರಿನ ತಲೆ ಮೇಲೇ ಬೀಳುವುದು ಶ್ಟೌಬ್‌ಬಾಖ್. 297 ಮೀಟರ್. ನಾನು ಸಾಗರದ ಕಡೆಯವನು. ಜೋಗದ 253 ಮೀಟರ್ ಅನ್ನುವುದು ನಮಗೆ ಬಾಯಿಪಾಠ. ಇದು ಅದಕ್ಕಿಂತ ಎತ್ತರ ಅಂತ ಮೊದಲ ಸಲ ಕೇಳಿದಾಗ ಸ್ವಲ್ಪ ಬೇಜಾರೇ ಆಗಿತ್ತು. ನೋಡಿದ ಮೇಲೆ ಸಮಾಧಾನ ಆಯಿತು. ಜೋಗದ ಅಬ್ಬರ ಇದಕ್ಕಿಲ್ಲ. ಶ್ಟೌಬ್ ಅಂದರೆ ಧೂಳು, ಬಾಖ್ ಅಂದರೆ ಹಳ್ಳ. ನೀರು ಅರ್ಧ ದಾರಿಯಲ್ಲೇ ಪುಡಿಪುಡಿಯಾಗಿ, ಗಾಳಿ ಬಂದ ಕಡೆ ಸೀರೆಯ ಸೆರಗಿನ ಹಾಗೆ ವಾಲುತ್ತದೆ. ಜರ್ಮನ್ ಕವಿ ಗಯ್ಟೆ 1779ರಲ್ಲಿ ಇಲ್ಲಿಗೆ ಬಂದು, ಇದನ್ನು ನೋಡಿ ಒಂದು ಪದ್ಯ ಬರೆದ. ಇದರ ಬೆನ್ನಿಗೆ ಬಂಡೆಯಲ್ಲಿ ಕೊರೆದ ಒಂದು ದಾರಿ ಇದೆ. ಹತ್ತು ನಿಮಿಷ ಕಡಿದಾಗಿ ಹತ್ತಬೇಕು. ಮಗಳನ್ನು ಕರೆದುಕೊಂಡು ಹೋಗಿ, ಅಮ್ಮ ಕೆಳಗಿನ ಬೆಂಚಿನಲ್ಲಿ ಕೂತಿರಲಿ.

ಇನ್ನೊಂದು ವ್ಯತ್ಯಾಸ. ಜೋಗ ತುಂಬುವುದು ಜುಲೈ ಆಗಸ್ಟ್ ಮಳೆಗೆ. ಇಲ್ಲಿ ಶ್ಟೌಬ್‌ಬಾಖ್ ತುಂಬುವುದು ಮೇ ಜೂನ್‌ನಲ್ಲಿ, ಮೇಲಿನ ಹುಲ್ಲುಗಾವಲಿನ ಹಿಮ ಕರಗುವಾಗ. ಬೇಸಿಗೆ ಮುಗಿಯುತ್ತಾ ಬಂದರೆ ದಾರದಷ್ಟಾಗುತ್ತದೆ. ನಿಮ್ಮ ಜೂನ್ ಕೊನೆ ಒಳ್ಳೆಯ ಸಮಯವೇ.

ಈಗ ನಡಿಗೆಗೆ ಬರೋಣ. ಮಂಡಿ ನೋವಿರುವವರ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. "ಹತ್ತುವುದು ಕಷ್ಟ, ಕೇಬಲ್ ಕಾರಲ್ಲಿ ಮೇಲೆ ಹೋಗಿ ಇಳಿದುಕೊಂಡು ಬಂದರಾಯಿತು" ಅಂದುಕೊಳ್ಳುತ್ತಾರೆ. ಉಲ್ಟಾ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿ ಮೇಲೆ ಕುಕ್ಕುತ್ತದೆ, ಆ ನೋವು ಮೂರು ದಿನ ಇರುತ್ತದೆ. ಹಾಗಾಗಿ ಅಮ್ಮನ ಜೊತೆ ದಾರಿ ಆರಿಸುವಾಗ ಎಷ್ಟು ಕಿಲೋಮೀಟರ್ ಅಂತ ನೋಡಬೇಡಿ, ಎಷ್ಟು ಮೀಟರ್ ಇಳಿಯಬೇಕು ಅಂತ ನೋಡಿ. ದಿನಾ ವಾಕಿಂಗ್ ಮಾಡುವವರಿಗೆ ಐದು ಕಿಲೋಮೀಟರ್ ಸಮತಟ್ಟು ಏನೂ ಅಲ್ಲ. ಐನೂರು ಮೀಟರ್ ಇಳಿಜಾರು ದೊಡ್ಡ ವಿಷಯ. ಎರಡು ವಾಕಿಂಗ್ ಸ್ಟಿಕ್ ಕೊಡಿಸಿ, ಒಂದಲ್ಲ. ಒಂದು ವಾರ ನಿಮ್ಮೂರ ಪಾರ್ಕಲ್ಲೇ ಹಿಡಿದು ನಡೆದು ಅಭ್ಯಾಸ ಮಾಡಿಕೊಳ್ಳಲಿ. ಜನ ನೋಡುತ್ತಾರೆ, ನೋಡಲಿ ಬಿಡಿ.

ನಾನೇ ಇದನ್ನು ಕಲಿತದ್ದು ಪೆಟ್ಟು ತಿಂದು. ಇಲ್ಲಿಗೆ ಬಂದ ಮೊದಲ ವರ್ಷ, ವೆಂಗನ್ ಮೇಲಿರುವ ಮೆನ್ಲಿಖೆನ್ ಬೆಟ್ಟದಲ್ಲಿ ಕೂತು ಹರಟೆ ಹೊಡೆಯುತ್ತಾ ಕೊನೆಯ ಕೇಬಲ್ ಕಾರ್ ತಪ್ಪಿಸಿಕೊಂಡೆ. ಸಂಜೆ ಐದೂವರೆಗೇ ಬಾಗಿಲು ಹಾಕಿತ್ತು. ಬೆಳಕು ಒಂಬತ್ತೂವರೆವರೆಗೂ ಇರುವ ಊರಲ್ಲಿ ಐದೂವರೆ ಅಂದರೆ ಮಧ್ಯಾಹ್ನ ಅಲ್ವಾ ಅನ್ನುವ ಲೆಕ್ಕ ನನ್ನದು. ಬುದ್ಧಿ ಇದ್ದವನಾದರೆ ಸಮತಟ್ಟು ದಾರಿಯಲ್ಲಿ ಕ್ಲೈನ ಶೈಡೆಗ್ ಅನ್ನುವ ರೈಲು ನಿಲ್ದಾಣಕ್ಕೆ ನಡೆದು ರೈಲು ಹಿಡಿಯುತ್ತಿದ್ದ. ಕೆಳಗೆ ವೆಂಗನ್ ಮನೆಗಳ ಮಾಡು ಕಾಣುತ್ತಿತ್ತು, ಇಲ್ಲೇ ಇದೆಯಲ್ಲ ಅಂತ ನೇರ ಇಳಿದೆ. 950 ಮೀಟರ್ ಇಳಿಜಾರು. ವಯಸ್ಸು 34. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ, ಕಂಬಿ ಹಿಡಿದು ಇಳಿದಿದ್ದೇನೆ. ಎಲ್ಲೇ ಹೋಗಲಿ, ಮೇಲಿನ ನಿಲ್ದಾಣದಲ್ಲಿ ಇಳಿದ ತಕ್ಷಣ ಕೊನೆಯ ಗಾಡಿಯ ಸಮಯದ ಫೋಟೋ ತೆಗೆದಿಟ್ಟುಕೊಳ್ಳಿ.

ನಿಮ್ಮ ನಾಲ್ಕೂ ಜನ ಒಟ್ಟಿಗೆ ಮಾಡಬಹುದಾದ ನಡಿಗೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಗ್ರ್ಯೂಟ್ಶ್‌ಆಲ್ಪ್‌ನಿಂದ ಮ್ಯೂರೆನ್. ಲೌಟರ್‌ಬ್ರುನ್ನೆನ್ ರೈಲು ನಿಲ್ದಾಣದ ಎದುರಿಗೇ ಕೇಬಲ್ ಕಾರ್. ನಾಲ್ಕೇ ನಿಮಿಷಕ್ಕೆ 1486 ಮೀಟರ್‌ಗೆ ತಂದು ಬಿಡುತ್ತದೆ. ಅಲ್ಲಿಂದ ಮ್ಯೂರೆನ್‌ಗೆ 1891ರಿಂದ ಒಂದು ಪುಟ್ಟ ರೈಲು ಓಡುತ್ತಿದೆ. ಎಲ್ಲರೂ ದಡಬಡ ಅಂತ ಅದಕ್ಕೆ ಹತ್ತುತ್ತಾರೆ. ನೀವು ಹತ್ತಬೇಡಿ. ಹಳಿಯ ಪಕ್ಕದಲ್ಲೇ ಅಗಲವಾದ ಮಣ್ಣಿನ ದಾರಿ ಇದೆ. ನಾಲ್ಕೂವರೆ ಕಿಲೋಮೀಟರ್‌ನಲ್ಲಿ ಬರೀ 150 ಮೀಟರ್ ಏರು, ಕಾಲಿಗೆ ಗೊತ್ತೇ ಆಗುವುದಿಲ್ಲ.

ಮೊದಲ ಅರ್ಧ ಸ್ಪ್ರೂಸ್ ಮರಗಳ ಕಾಡು. ನೆರಳು, ತಂಪು, ಸಣ್ಣ ಸಣ್ಣ ಹಳ್ಳ. ಬೆಟ್ಟ ಎಲ್ಲೂ ಕಾಣುವುದಿಲ್ಲ. ಮಗಳು "ಎಲ್ಲಪ್ಪಾ ಹಿಮ" ಅಂತ ಕೇಳಲು ಶುರು ಮಾಡುತ್ತಾಳೆ. ವಿಂಟರೆಗ್ ಹತ್ತಿರ ಬರುತ್ತಿದ್ದ ಹಾಗೆ ಎಡಗಡೆ ಮರ ಮುಗಿಯುತ್ತದೆ. ಅಷ್ಟೇ. ಕಣಿವೆಯ ಆಚೆ ಮೂರೂ ಬೆಟ್ಟ ಸಾಲಾಗಿ, ತಲೆಯಿಂದ ಕಾಲಿನವರೆಗೆ. ಮಧ್ಯೆ ಕಣಿವೆ ಇದೆ ಅನ್ನುವುದೇ ಮರೆತುಹೋಗುತ್ತದೆ, ಅದರ ತಳ ಕಾಣುವುದಿಲ್ಲ. ಕೈ ಚಾಚಿದರೆ ಯುಂಗ್‌ಫ್ರೌ ಸಿಕ್ಕೀತು ಅನ್ನಿಸುತ್ತದೆ. ಮೋಂಖ್ ಅಂದರೆ ಸನ್ಯಾಸಿ, ಯುಂಗ್‌ಫ್ರೌ ಅಂದರೆ ಕನ್ಯೆ, ಐಗರ್ ಅನ್ನು ರಾಕ್ಷಸ ಅಂತ ಕರೆಯುವುದುಂಟು. ರಾಕ್ಷಸ ಕನ್ಯೆಯ ಹತ್ತಿರ ಹೋಗದ ಹಾಗೆ ಸನ್ಯಾಸಿ ಮಧ್ಯೆ ಅಡ್ಡ ನಿಂತಿದ್ದಾನೆ ಅಂತ ಊರಿನವರು ಮಕ್ಕಳಿಗೆ ಹೇಳುವ ಕಥೆ. ನಿಮ್ಮ ಮಗಳಿಗೂ ಹೇಳಿ, ಮೂರರ ಹೆಸರೂ ನೆನಪಿರುತ್ತದೆ.

ವಿಂಟರೆಗ್‌ನಲ್ಲಿ ಹೋಟೆಲ್, ಟಾಯ್ಲೆಟ್, ಮಕ್ಕಳ ಆಟದ ಜಾಗ ಎಲ್ಲ ಇದೆ. ಅಮ್ಮನಿಗೆ ಸಾಕು ಅನ್ನಿಸಿದರೆ ರೈಲೂ ನಿಲ್ಲುತ್ತದೆ. ಈ ದಾರಿ ನನಗೆ ಇಷ್ಟವಾಗಲು ಅದೂ ಒಂದು ಕಾರಣ, ಎಲ್ಲಿ ಬೇಕಾದರೂ ಬಿಟ್ಟುಬಿಡಬಹುದು. ವಯಸ್ಸಾದವರಿಗೆ "ಇನ್ನು ಸ್ವಲ್ಪ, ಬಂತು ಬಂತು" ಅಂತ ಸುಳ್ಳು ಹೇಳುವ ಪ್ರಮೇಯ ಬರುವುದಿಲ್ಲ.

ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಇಲ್ಲಿದ್ದರೆ ಕಿವಿ ತೆರೆದಿಟ್ಟುಕೊಳ್ಳಿ. ಆಚೆಯ ಬೆಟ್ಟದಲ್ಲಿ ಒಂದು ಕಡೆ ಬಿಳಿ ಹೊಗೆ ಎದ್ದ ಹಾಗೆ ಕಾಣುತ್ತದೆ. ಸದ್ದಿಲ್ಲ. ನೀವು ಬೇರೆ ಕಡೆ ತಿರುಗಿ ಒಂದು ಮಾತು ಆಡುವಷ್ಟರಲ್ಲಿ ಗುಡುಗು ಕೇಳುತ್ತದೆ. ಗುಡುಗಲ್ಲ ಅದು, ಹಿಮನದಿಯ ಮೂತಿಯಿಂದ ಮಂಜುಗಡ್ಡೆ ಮುರಿದು ಬಿದ್ದ ಸದ್ದು. ಬಿದ್ದು ಎಷ್ಟೋ ಸೆಕೆಂಡಿನ ಮೇಲೆ ನಿಮ್ಮ ಹತ್ತಿರ ಬಂದಿರುತ್ತದೆ. ಆಗಲೇ ಗೊತ್ತಾಗುವುದು, ಕೈಗೆ ಸಿಗುವ ಹಾಗಿದ್ದ ಬೆಟ್ಟ ಎಷ್ಟು ದೂರ ಇದೆ ಅಂತ.

ಮ್ಯೂರೆನ್ ತಲುಪಿದ ಮೇಲೆ ಇನ್ನೂ ಹುಮ್ಮಸ್ಸಿದ್ದರೆ ಆಲ್ಮೆಂಡ್‌ಹೂಬೆಲ್‌ಗೆ ಹೋಗುವ ಪುಟ್ಟ ಹಳಿಬಂಡಿ ಹತ್ತಿ. ಅದು 1907 ಮೀಟರ್, ಮೇಲೆ ಹೂವಿನ ಆಕಾರದ ಆಟಿಕೆಗಳಿರುವ ಆಟದ ಮೈದಾನ ಇದೆ. ಜೂನ್ ಕೊನೆಗೆ ಸುತ್ತಮುತ್ತ ನಿಜವಾದ ಹೂವೂ ಜಾಸ್ತಿ. ವಾಪಸ್ ಬರಲು ಮ್ಯೂರೆನ್‌ನಿಂದ ಕೇಬಲ್ ಕಾರಲ್ಲಿ ಸ್ಟೆಖೆಲ್‌ಬರ್ಗ್ ಕಡೆಗೆ ಇಳಿದು, ಹಳದಿ ಬಸ್ಸಲ್ಲಿ ಮನೆಗೆ ಬರಬಹುದು. ನೀವಿಬ್ಬರು ಬೇಕಿದ್ದರೆ ಗಿಮ್ಮೆಲ್‌ವಾಲ್ಡ್‌ವರೆಗೆ ನಡೆದು ಇಳಿಯಿರಿ. ಅದು 1363 ಮೀಟರ್‌ನಲ್ಲಿ ಇರುವ ಸಣ್ಣ ಹಳ್ಳಿ. ಅಲ್ಲಿ ಕಾಯುವವರಿಲ್ಲದ ಅಂಗಡಿಯೊಂದಿದೆ, ಚೀಸ್ ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕುವುದು.

ಬೆಳಕಿನ ಬಗ್ಗೆ ಒಂದು ಮಾತು. ಮ್ಯೂರೆನ್ ಇರುವುದು ಪಶ್ಚಿಮದ ಜಗಲಿಯಲ್ಲಿ, ಬೆಟ್ಟಗಳು ಪೂರ್ವಕ್ಕೆ. ಬೆಳಗ್ಗೆ ಹೋದರೆ ಸೂರ್ಯ ಎದುರಿಗೆ, ಬೆಟ್ಟ ಕಪ್ಪು. ಫೋಟೋದಲ್ಲಿ ನಿಮ್ಮ ಮುಖವೂ ಕಪ್ಪು. ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗೆ ಬಂದು ಹಿಮದ ಮೇಲೆ ಬೀಳುತ್ತದೆ. ಹಾಗಾಗಿ ಮ್ಯೂರೆನ್ ಅನ್ನು ಮಧ್ಯಾಹ್ನಕ್ಕಿಡಿ, ಎತ್ತರದ ಜಾಗಗಳನ್ನು ಬೆಳಗ್ಗೆಗೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೇಲೆ ಮೋಡ ಕಟ್ಟುವುದು, ಸಿಡಿಲು ಗುಡುಗು ಬರುವುದು ಸಾಮಾನ್ಯ. ಬಯಲು ಬೆಟ್ಟದಲ್ಲಿ ಸಿಡಿಲು ತಮಾಷೆ ಅಲ್ಲ. ಗುಡುಗು ಕೇಳಿದರೆ ಫೋಟೋ ಬಿಟ್ಟು ಇಳಿಯಿರಿ.

ಎರಡನೆಯದು ಮೆನ್ಲಿಖೆನ್‌ನಿಂದ ಕ್ಲೈನ ಶೈಡೆಗ್. ಲೌಟರ್‌ಬ್ರುನ್ನೆನ್‌ನಿಂದ ವೆಂಗನ್‌ಗೆ ಹಲ್ಲುಹಳಿಯ ರೈಲು, ಅಲ್ಲಿಂದ ಕೇಬಲ್ ಕಾರ್. ಮೇಲಿನ ನಿಲ್ದಾಣ 2200 ಮೀಟರ್ ದಾಟುತ್ತದೆ. ನಾಲ್ಕೂವರೆ ಕಿಲೋಮೀಟರ್, ಬೋರ್ಡಿನ ಲೆಕ್ಕಕ್ಕೆ ಒಂದೂವರೆ ಗಂಟೆ. ಒಟ್ಟು ಇಳಿಕೆ 170 ಮೀಟರ್, ಅದೂ ನಿಧಾನಕ್ಕೆ. ನಡೆಯುತ್ತಾ ನಡೆಯುತ್ತಾ ಐಗರ್‌ನ ಉತ್ತರ ಗೋಡೆ ಹತ್ತಿರ ಹತ್ತಿರ ಬರುತ್ತದೆ. ಸುಮಾರು 1800 ಮೀಟರ್ ಎತ್ತರದ ಒಂದೇ ಗೋಡೆ. ಅಂದರೆ ಕುಮಾರ ಪರ್ವತವನ್ನು ಸಮುದ್ರದ ಮಟ್ಟದಿಂದ ಎತ್ತಿ ನೆಟ್ಟಗೆ ನಿಲ್ಲಿಸಿದರೂ ಇದಕ್ಕಿಂತ ಗಿಡ್ಡ. ಕ್ಲೈನ ಶೈಡೆಗ್‌ನಲ್ಲಿ ಕಾಫಿ ಕುಡಿದು ರೈಲಲ್ಲೇ ಕೆಳಗೆ ಬನ್ನಿ. ವೆಂಗನ್‌ಗೆ ನಡೆದು ಇಳಿಯೋಣ ಅಂತ ಮಗಳು ಹಠ ಮಾಡಿದರೆ ಅವಳನ್ನೂ ಅಪ್ಪನನ್ನೂ ಕಳಿಸಿ, ಅಮ್ಮ ರೈಲಲ್ಲೇ ಇರಲಿ.

ಮೆನ್ಲಿಖೆನ್‌ನಲ್ಲಿ ಮರದ ದೊಡ್ಡ ಹಸು ಇರುವ ಆಟದ ಜಾಗವಿದೆ, ಅಲ್ಲಿ ಮಗಳನ್ನು ಎಬ್ಬಿಸುವುದೇ ಒಂದು ಟ್ರೆಕ್.

ನಿಮಗಿಬ್ಬರಿಗೂ ಒಂದು ದಿನ ಬೇಕು ಅಲ್ವಾ. ಅವತ್ತು ಅಮ್ಮ, ಮೊಮ್ಮಗಳು ಕೆಳಗಿನ ಅಂತಸ್ತಿನಲ್ಲಿರಲಿ, ನೀವು ಐಗರ್ ಟ್ರೇಲ್ ಮಾಡಿ. ಆಲ್ಪಿಗ್ಲೆನ್ ಅನ್ನುವ ನಿಲ್ದಾಣದಿಂದ (1616 ಮೀಟರ್) ಐಗರ್‌ಗ್ಲೆಚರ್‌ವರೆಗೆ (2320 ಮೀಟರ್), ಸುಮಾರು ಆರು ಕಿಲೋಮೀಟರ್. ಎಲ್ಲರೂ ಮೇಲಿಂದ ಕೆಳಕ್ಕೆ ಮಾಡುತ್ತಾರೆ. ನೀವು ಕೆಳಗಿಂದ ಮೇಲಕ್ಕೆ ಹೋಗಿ, ಮೂರು ಗಂಟೆ ಹಿಡಿಯುತ್ತದೆ. ಗೋಡೆಯ ಬುಡದಲ್ಲೇ ದಾರಿ. 1938ರ ಜುಲೈನಲ್ಲಿ ಇಬ್ಬರು ಜರ್ಮನರು, ಇಬ್ಬರು ಆಸ್ಟ್ರಿಯನ್ನರು ಸೇರಿ ಈ ಗೋಡೆಯನ್ನು ಮೊದಲ ಸಲ ಹತ್ತಿ ಮುಗಿಸಿದರು. ಅದಕ್ಕೆ ಮುಂಚೆ ಪ್ರಯತ್ನಿಸಿದ ಹಲವರು ಇಲ್ಲೇ ಸತ್ತಿದ್ದರು. ಬುಡದಲ್ಲಿ ನಿಂತು ಕತ್ತು ಎತ್ತಿದರೆ ತುದಿ ಕಾಣುವುದಿಲ್ಲ. ಜೂನ್ ಕೊನೆಯಲ್ಲಿ ಅಲ್ಲಲ್ಲಿ ಹಿಮದ ಪಟ್ಟಿ ಉಳಿದಿರುವುದುಂಟು. ಹಿಂದಿನ ದಿನ ನಿಲ್ದಾಣದಲ್ಲಿ ದಾರಿ ತೆರೆದಿದೆಯಾ ಅಂತ ಕೇಳಿಕೊಂಡೇ ಹೋಗಿ. ಮುಚ್ಚಿದೆ ಅಂದರೆ ಮುಚ್ಚಿದೆ, ಹಗ್ಗ ದಾಟಿ ಹೋಗುವುದು ಬೇಡ.

ಕುಮಾರ ಪರ್ವತ ಹತ್ತಿದವರಿಗೆ ದಮ್ಮಿನ ಚಿಂತೆ ಇಲ್ಲ. ಆ ಸೆಕೆ, ಆ ಬೆವರು ಇಲ್ಲಿಲ್ಲ. ಇಂಬಳವೂ ಇಲ್ಲ. ಆದರೆ ಉಣುಗು ಇದೆ. ನಮ್ಮ ಸಾಗರ, ಸೊರಬದ ಕಡೆ ಉಣುಗು ಅಂದರೆ ಮಂಗನ ಕಾಯಿಲೆಯ ಭಯ. ಇಲ್ಲಿಯದು ಬೇರೆ ರೋಗ ತರುತ್ತದೆ, ಎಚ್ಚರಿಕೆ ಮಾತ್ರ ಅದೇ. ತಗ್ಗಿನ ಕಾಡಂಚು, ಎತ್ತರದ ಹುಲ್ಲಿನಲ್ಲಿ ಜಾಸ್ತಿ. ಸಂಜೆ ಮಗಳಿಗೆ ಸ್ನಾನ ಮಾಡಿಸುವಾಗ ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿ. ಕಂಡರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಎಲ್ಲ ಬೇಡ.

ಗೈಡ್ ಬೇಕಾಗಿಲ್ಲ. ಪ್ರತಿ ಕವಲಿನಲ್ಲೂ ಹಳದಿ ಬೋರ್ಡ್ ಇರುತ್ತದೆ. ಬಿಳಿ ಪಟ್ಟಿಯಲ್ಲಿ ನೀವು ನಿಂತ ಜಾಗದ ಹೆಸರು, ಎತ್ತರ. ಹಳದಿ ಬಾಣಗಳಲ್ಲಿ ಮುಂದಿನ ಊರು, ಅದಕ್ಕೆ ಹಿಡಿಯುವ ಸಮಯ. ಕಿಲೋಮೀಟರ್ ಬರೆದಿರುವುದಿಲ್ಲ, ಬೆಟ್ಟದಲ್ಲಿ ಕಿಲೋಮೀಟರ್‌ಗೆ ಅರ್ಥವಿಲ್ಲ ಅಂತ ಅವರಿಗೆ ಗೊತ್ತು. ಆ ಸಮಯದಲ್ಲಿ ನಿಲ್ಲುವುದು, ತಿನ್ನುವುದು, ಫೋಟೋ ಯಾವುದೂ ಸೇರಿಲ್ಲ. ನಿಮ್ಮ ತಂಡಕ್ಕೆ ಒಂದೂವರೆ ಪಟ್ಟು ಹಿಡಿಯಿರಿ. ಪೂರ್ತಿ ಹಳದಿ ಇದ್ದರೆ ಯಾರು ಬೇಕಾದರೂ ನಡೆಯುವ ದಾರಿ. ಬಾಣದ ತುದಿಯಲ್ಲಿ ಬಿಳಿ, ಕೆಂಪು, ಬಿಳಿ ಗೆರೆ ಇದ್ದರೆ ಬೆಟ್ಟದ ದಾರಿ, ಒಳ್ಳೆ ಶೂ ಬೇಕು. ಐಗರ್ ಟ್ರೇಲ್ ಈ ಜಾತಿಯದು. ಬಿಳಿ, ನೀಲಿ, ಬಿಳಿ ಇದ್ದರೆ ಹಿಂದಿರುಗಿ. ಅದು ಹಗ್ಗ, ಹಿಮಕೊಡಲಿ ಹಿಡಿದು ಹೋಗುವವರದು. ಶೂ ಅಡಿ ಗಟ್ಟಿ ಹಿಡಿಯುವಂತಿರಲಿ, ಊರಲ್ಲೇ ಎರಡು ವಾರ ಹಾಕಿ ಸವೆಸಿಕೊಂಡು ಬನ್ನಿ. ಹೆಲಿಕಾಪ್ಟರ್ ರಕ್ಷಣೆಯವರ ನಂಬರ್ 1414, ಸಾಮಾನ್ಯ ತುರ್ತು ನಂಬರ್ 112, ಎರಡನ್ನೂ ಫೋನಿಗೆ ಹಾಕಿಟ್ಟುಕೊಳ್ಳಿ.

ಹುಲ್ಲುಗಾವಲಲ್ಲಿ ಹಸುಗಳು ಇರುತ್ತವೆ, ಕೊರಳಲ್ಲಿ ನಮ್ಮ ದೇವಸ್ಥಾನದ ಗಂಟೆಯಷ್ಟು ದೊಡ್ಡದು ಕಟ್ಟಿರುತ್ತಾರೆ. ಚೆಂದ ಕಾಣುತ್ತವೆ ಅಂತ ಅಮ್ಮ ಹಣೆ ಮುಟ್ಟಿ ನಮಸ್ಕಾರ ಮಾಡಲು ಹೋಗುವುದು ಬೇಡ. ಕರು ಜೊತೆಗಿರುವ ಹಸು ಇಲ್ಲಿ ಹಾಯುತ್ತದೆ, ಸುತ್ತಿ ಬಳಸಿ ಹೋಗಿ. ದಾರಿಗೆ ಅಡ್ಡ ತಂತಿ ಇದ್ದರೆ ಅದರಲ್ಲಿ ಕರೆಂಟ್ ಇರುತ್ತದೆ. ತುದಿಯಲ್ಲಿ ಪ್ಲಾಸ್ಟಿಕ್ ಹಿಡಿ ಇರುತ್ತದೆ. ಅದನ್ನು ಹಿಡಿದು ಕೊಕ್ಕೆ ಬಿಚ್ಚಿ, ಎಲ್ಲರೂ ದಾಟಿದ ಮೇಲೆ ಮತ್ತೆ ಸಿಕ್ಕಿಸಿ. ಸಿಕ್ಕಿಸದೆ ಬಂದರೆ ಆ ರೈತನ ಬಾಯಲ್ಲಿ ನೀವು ಕೇಳಬಾರದ ಜರ್ಮನ್ ಕೇಳುತ್ತೀರಿ.

ಈಗ ಯುಂಗ್‌ಫ್ರೌಯೋಖ್. ಹೋಗಲೇಬೇಕಾ ಅಂದರೆ, ಇಲ್ಲ. ಹೋದರೆ ತಪ್ಪಾ ಅಂದರೆ, ಅದೂ ಇಲ್ಲ. 3454 ಮೀಟರ್‌ನಲ್ಲಿರುವ ರೈಲು ನಿಲ್ದಾಣ. 1896ರಲ್ಲಿ ಕೆಲಸ ಶುರು ಮಾಡಿ, ಐಗರ್ ಮತ್ತು ಮೋಂಖ್ ಹೊಟ್ಟೆಯೊಳಗೆ ಸುರಂಗ ಕೊರೆದು 1912ರಲ್ಲಿ ಮುಗಿಸಿದರು. ಆ ಕಾಲಕ್ಕೆ ಹುಚ್ಚು ಸಾಹಸ. ಮೇಲಿಂದ ಆಲೆಚ್ ಹಿಮನದಿ ಕಾಣುತ್ತದೆ, ಆಲ್ಪ್ಸ್‌ನಲ್ಲೇ ಉದ್ದವಾದದ್ದು. ಒಂದು ಸಲ ನೋಡಬೇಕಾದದ್ದೇ. ಆದರೆ ಪಾಸ್ ಇಲ್ಲದಿದ್ದರೆ ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಹೋಗಿಬರಲು ದೊಡ್ಡವರಿಗೆ ತಲೆಗೆ 200 ಫ್ರಾಂಕ್‌ಗೂ ಜಾಸ್ತಿ. ಅಷ್ಟು ಕೊಟ್ಟು ಮೇಲೆ ಹೋದಾಗ ಮೋಡ ಇದ್ದರೆ ಕಾಣುವುದು ಬಿಳಿ ಗೋಡೆ. ನಮ್ಮನೆ ಗೋಡೆಯೂ ಬಿಳಿಯೇ.

ಅದಕ್ಕೇ ನನ್ನ ಒಂದೇ ಒಂದು ಕಟ್ಟುನಿಟ್ಟಿನ ಸಲಹೆ: ಊರಿಂದಲೇ ದಿನಾಂಕ ಹಾಕಿ ಅದರ ಟಿಕೆಟ್ ತೆಗೆದುಕೊಂಡು ಬರಬೇಡಿ. ಐದು ದಿನ ಇದೆ ಕೈಯಲ್ಲಿ. ಬೆಳಗ್ಗೆ ಆರೂವರೆಗೆ ಎದ್ದು ಕಾಫಿ ಕುಡಿಯುತ್ತಾ ವೆಬ್‌ಕ್ಯಾಮ್ ನೋಡಿ. ನೀವು ಹೋಗುವ ಬಹುತೇಕ ಜಾಗಗಳಲ್ಲಿ ಕ್ಯಾಮೆರಾ ಇದೆ. ನಿಚ್ಚಳ ಇದ್ದರೆ ಆಗಲೇ ಹೊರಡಿ. ಇಲ್ಲದಿದ್ದರೆ ಬೇರೆ ದಾರಿ. ಕಣಿವೆಯಲ್ಲಿ ಮಂಜು ತುಂಬಿ ಮೇಲೆ ಬಿಸಿಲು ಇರುವುದೂ ಉಂಟು. ಕಿಟಕಿಯಿಂದ ನೋಡಿ ತೀರ್ಮಾನ ಮಾಡಬೇಡಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ವೆಂಗನ್, ಮ್ಯೂರೆನ್ ಎರಡೂ ಅದರಲ್ಲೇ ಬರುತ್ತವೆ, ಯೋಖ್‌ಗೆ ರಿಯಾಯಿತಿ ಮಾತ್ರ. ಮಗಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಅಪ್ಪ ಅಮ್ಮನ ಪಾಸಿನ ಜೊತೆ ಅದು ಪುಕ್ಕಟೆ.

ಅಮ್ಮನ ವಿಷಯ ಬೇರೆ. ಮೇಲೆ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ. ಕೆಳಗಿಂದ ಎರಡು ಗಂಟೆಯೊಳಗೆ ಅಲ್ಲಿಗೆ ಏರಿಬಿಡುತ್ತೀರಿ, ಮೈಗೆ ಹೊಂದಿಕೊಳ್ಳಲು ಸಮಯವೇ ಇಲ್ಲ. ಹೊರಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ಹೋಗಬಹುದು ಅಂದರೂ ಮೊದಲ ದಿನವೇ ಬೇಡ, ಎರಡು ದಿನ ಮಧ್ಯದ ಅಂತಸ್ತಿನಲ್ಲಿ ಓಡಾಡಿದ ಮೇಲೆ ಹೋಗಿ. ಮೇಲೆ ನಿಧಾನಕ್ಕೆ ನಡೆಯಲಿ, ನೀರು ಕುಡಿಯುತ್ತಿರಲಿ. ತಲೆ ಸುತ್ತಿದರೆ, ತಲೆ ಸಿಡಿದರೆ ಮುಂದಿನ ರೈಲಿಗೇ ಇಳಿಯಿರಿ. ಅವರು ಬರುವುದಿಲ್ಲ ಅಂದರೆ ಬಲವಂತ ಮಾಡಬೇಡಿ. ಮೆನ್ಲಿಖೆನ್ ಬೆಂಚಿನಿಂದ ಕಾಣುವ ಯುಂಗ್‌ಫ್ರೌ ಯೋಖ್‌ನಿಂದ ಕಾಣುವ ಯುಂಗ್‌ಫ್ರೌಗಿಂತ ಚೆನ್ನ. ತಲೆ ಹತ್ತಿರ ಹೋದರೆ ಮುಖ ಕಾಣುವುದಿಲ್ಲವಲ್ಲ.

ಮಳೆ ಬಂದ ದಿನಕ್ಕೂ ಜಾಗ ಇದೆ. ಟ್ರ್ಯುಮ್ಮೆಲ್‌ಬಾಖ್. ಐಗರ್, ಮೋಂಖ್, ಯುಂಗ್‌ಫ್ರೌ ಮೂರರ ಹಿಮ ಕರಗಿದ ನೀರೂ ಒಂದೇ ಬಂಡೆಯೊಳಗೆ ನುಗ್ಗಿ, ಸುತ್ತಿ ಸುತ್ತಿ ಕೊರೆದು, ಹತ್ತು ಜಲಪಾತವಾಗಿ ಇಳಿಯುತ್ತದೆ. ಬೆಟ್ಟದ ಹೊಟ್ಟೆಯೊಳಗೇ. ತುಂಬಿದಾಗ ಸೆಕೆಂಡಿಗೆ 20,000 ಲೀಟರ್‌ವರೆಗೆ. ಒಳಗೆ ಲಿಫ್ಟ್ ಇದೆ. ಅಮ್ಮ ಲಿಫ್ಟಲ್ಲಿ ಹೋಗಿ ಹತ್ತಿರದ್ದನ್ನು ನೋಡಿ ಲಿಫ್ಟಲ್ಲೇ ಬರಲಿ, ಮೆಟ್ಟಿಲೆಲ್ಲ ಒದ್ದೆ. ಮಾತಾಡಿದರೆ ಕೇಳುವುದಿಲ್ಲ, ಕೈ ಸನ್ನೆಯೇ. ಜರ್ಕಿನ್ ಹಾಕಿಕೊಳ್ಳಿ. ಅಲ್ಲಿಗೆ ಹೋಗಲು ಊರಿನಿಂದ ಹೊಳೆ ಬದಿಯಲ್ಲಿ ಸಮತಟ್ಟು ದಾರಿ ಇದೆ, ಮೂರು ಕಿಲೋಮೀಟರ್. ಹೊಳೆ ನೀರು ಹಾಲು ಬೆರೆಸಿದ ಹಾಗೆ ಕಾಣುತ್ತದೆ. ಕೊಳಕಲ್ಲ, ಹಿಮನದಿ ಬಂಡೆಯನ್ನು ಅರೆದ ಹಿಟ್ಟು ಅದು. ಮಗಳು ಒಂದು ಬಾಟಲಿಗೆ ತುಂಬಿಸಿ ರಾತ್ರಿ ಮೇಜಿನ ಮೇಲಿಡಲಿ, ಬೆಳಗ್ಗೆ ತಳದಲ್ಲಿ ಬೂದಿ ಬಣ್ಣದ ಪದರ ಕೂತಿರುತ್ತದೆ.

ಊಟ: ನೀವು ಸಸ್ಯಾಹಾರಿಗಳೋ ಹೇಗೋ ಬರೆದಿಲ್ಲ. ಆಗಿದ್ದರೆ ರೋಸ್ತಿ, ಅಂದರೆ ಆಲೂಗಡ್ಡೆ ತುರಿದು ಹಂಚಿನ ಮೇಲೆ ಕೆಂಪಗೆ ಹುರಿದದ್ದು, ಎಲ್ಲ ಕಡೆ ಸಿಗುತ್ತದೆ. ಆದರೆ ಬೇಕನ್ ಹಾಕುವ ಅಭ್ಯಾಸ ಇದೆ. "ಓನೆ ಫ್ಲೈಶ್, ಓನೆ ಸ್ಪೆಕ್" ಅಂತ ಹೇಳಿ, ಮಾಂಸ ಬೇಡ, ಬೇಕನ್ ಬೇಡ ಅಂತ ಅರ್ಥ. ಬೆಟ್ಟದ ಹೋಟೆಲಿನ ಬಿಲ್ ನೋಡಿ ರೂಪಾಯಿಗೆ ಗುಣಿಸಬೇಡಿ, ಊಟ ಇಳಿಯುವುದಿಲ್ಲ. ಮನೆಯಲ್ಲಿ ಅಡುಗೆಮನೆ ಇದ್ದರೆ ಬೆಳಗ್ಗೆ ಚಪಾತಿ ಪಲ್ಯ ಕಟ್ಟಿಕೊಂಡು ಹೋಗುವುದೇ ಸೈ. ದಾರಿಯುದ್ದಕ್ಕೂ ಬೆಂಚು ಇವೆ. ಮರದ ತೊಟ್ಟಿಗೆ ಬೀಳುವ ನೀರನ್ನು ಬಾಟಲಿಗೆ ಹಿಡಿಯಬಹುದು, "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿದ್ದರೆ ಮಾತ್ರ ಬೇಡ. ಎದುರಿಗೆ ಬಂದವರು "ಗ್ರ್ಯುಯೆಸ್ಸೆಖ್" ಅನ್ನುತ್ತಾರೆ, ಈ ಕಡೆಯ ನಮಸ್ಕಾರ ಅದು. ನೀವೂ ಅನ್ನಿ. ಸುಮ್ನೆ ಹೋದರೆ ಮುಖ ತಿರುಗಿಸಿದ ಹಾಗೆ.

ಕೊನೆಗೆ ಅಮ್ಮನ ಪ್ರಶ್ನೆ. ಹುಲ್ಲಿನ ಮೇಲೆ ಕೂರಬಹುದು, ಆದರೆ ಎಲ್ಲ ಹುಲ್ಲಿನ ಮೇಲೂ ಅಲ್ಲ. ಮಂಡಿಯೆತ್ತರ ಬೆಳೆದು ಹೂವು ಬಿಟ್ಟಿರುವ ಹುಲ್ಲು ಇದೆಯಲ್ಲ, ಫೋಟೋಗೆ ಎಲ್ಲರೂ ಇಳಿಯುವುದು ಅದಕ್ಕೇ. ಅದು ಯಾರದೋ ಬ್ಯಾಣ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಅದನ್ನು ಕೊಯ್ದು ಒಣಗಿಸಿ, ಚಳಿಗಾಲದಲ್ಲಿ ಕೊಟ್ಟಿಗೆಯ ಹಸುಗಳಿಗೆ ಹಾಕುತ್ತಾರೆ. ತುಳಿದ ಹುಲ್ಲು ಮಲಗಿಬಿಡುತ್ತದೆ, ಮಷೀನಿಗೆ ಸಿಗುವುದಿಲ್ಲ. ಕಡಿದಾದ ಜಾಗದಲ್ಲಿ ಈಗಲೂ ಉದ್ದ ಹಿಡಿಯ ಕತ್ತಿಯಲ್ಲಿ ಕೈಯಾರೆ ಕೊಯ್ಯುತ್ತಾರೆ. ಕೊಯ್ದು ಆಗಿರುವ ಹುಲ್ಲು, ದಾರಿಯ ಅಂಚು, ಬೇಲಿ ಇಲ್ಲದ ಗಿಡ್ಡ ಹುಲ್ಲಿನ ದಿಬ್ಬ, ಇಲ್ಲೆಲ್ಲ ಧಾರಾಳವಾಗಿ ಕೂರಬಹುದು. ಆಲ್ಮೆಂಡ್‌ಹೂಬೆಲ್ ನಿಲ್ದಾಣದ ಹೊರಗೆ, ಆಟದ ಮೈದಾನದ ಆಸುಪಾಸಿನಲ್ಲಿ ಅಂಥ ಜಾಗ ಹುಡುಕಿ, ಮೂರೂ ಬೆಟ್ಟ ಎದುರಿಗೇ ಇರುತ್ತವೆ. ನೆಲ ತೇವ ಇರುತ್ತದೆ, ಒಂದು ಜಮಖಾನೆ ತರಲು ಹೇಳಿ. ಅಮ್ಮ ಒಂದು ಸಲ ಕೂತರೆ ಏಳುವಾಗ ಮಂಡಿ ಹಿಡಿಯುತ್ತದೆ ಅನ್ನುವುದಾದರೆ ಅಲ್ಲೇ ಬೆಂಚೂ ಇದೆ.